ತಿಮ್ಮದಾಸಯ್ಯ ತಮಿಳು ಕಲಿತದ್ದು

ಪುಟ್ಟಲಕ್ಷ್ಮಿ ತೀರಿಕೊಂಡ ದಿನ ಬೇರೆ ಊರಿನಿಂದ ದಾಸಯ್ಯನೊಬ್ಬನನ್ನು ಕರೆಸೋಣವೆಂದು ನೆಂಟರು ಹೇಳಿದರು. ಗಂಡನಾದ ತಿಮ್ಮದಾಸಯ್ಯ ಒಪ್ಪಲಿಲ್ಲ. ಸಾಲಿಗ್ರಾಮದ ಸುತ್ತಿನ ಹನ್ನೆರಡು ಹಳ್ಳಿಗಳಲ್ಲಿ ಯಾರು ಸತ್ತರೂ ಶಂಖ ಊದಿ, ಜಾಗಟೆ ಬಡಿದು, ಕಳಿಸುವ ಪದ ಹೇಳಿ ಜೀವವನ್ನು ದಾರಿಗೆ ಹಚ್ಚುವುದು ಅವನ ವಂಶದ ಕೆಲಸ. ನಲವತ್ತು ವರ್ಷ ಕಂಡವರಿಗೆಲ್ಲ ಮಾಡಿದ್ದನ್ನು ಕೈ ಹಿಡಿದವಳಿಗೆ ಮಾಡದೆ ಹೇಗಿರಲಿ ಎಂದು ತಾನೇ ಎದ್ದು ನಾಮ ತೀಡಿಕೊಂಡ.

ಪದ ಎಂಟು ಸಾಲಿನದು. ಮೂರು ಸಾಲು ಸರಾಗವಾಗಿ ಬಂದವು. ನಾಲ್ಕನೆಯದಕ್ಕೆ ಬಾಯಿ ತೆರೆದವನು ಅವಳ ಮುಖ ನೋಡಿದ. ಕೆನ್ನೆಗೆ ಅರಿಶಿನ ಬಳಿದು ಹಣೆಗೆ ಕಾಸಗಲ ಕುಂಕುಮ ಇಟ್ಟಿದ್ದರು. ಇವಳ ತಲೆಯ ಹತ್ತಿರ ನಿಂತು ನಾನು ಹೇಳುತ್ತಿರುವುದು ಏನು ಎಂಬ ಯೋಚನೆ ಆಗ ಬಂತು. ಅವನಿಗೆ ಗೊತ್ತಿರಲಿಲ್ಲ. ಅವನ ಅಪ್ಪನಿಗೂ ಗೊತ್ತಿರಲಿಲ್ಲ. ಮಿಕ್ಕ ಸಾಲುಗಳನ್ನು ತಡವರಿಸುತ್ತ ಹೇಳಿ ಮುಗಿಸಿದ. ದುಃಖಕ್ಕೆ ಗಂಟಲು ಕಟ್ಟಿತೆಂದು ಜನ ತಿಳಿದುಕೊಂಡರು.

ಆ ಪದ ತಮಿಳಿನದು. ಆರು ತಲೆಮಾರಿನ ಹಿಂದೆ ಘಟ್ಟದ ಕೆಳಗಿನಿಂದ ಬಂದ ಮೂಲಪುರುಷ ತಂದದ್ದಂತೆ. ಮನೆಮಾತು ಯಾವ ಕಾಲಕ್ಕೋ ಕನ್ನಡವಾಗಿತ್ತು, ಪದ ಮಾತ್ರ ಹಾಗೆಯೇ ಉಳಿದಿತ್ತು. ಅದಕ್ಕೊಂದು ಕಟ್ಟಳೆಯೂ ಇತ್ತು. ಸಾವಿನ ಮನೆ, ತಿಥಿಯ ಮನೆ ಬಿಟ್ಟು ಬೇರೆಲ್ಲೂ ಅದು ಬಾಯಿಂದ ಹೊರಡಬಾರದು, ಕಾಗದಕ್ಕೂ ಇಳಿಯಬಾರದು. ಹೊರಟರೆ, ಹೊರಟ ಕಡೆಗೆ ಸಾವನ್ನು ಕರೆದಂತೆ. ಅಪ್ಪ ಅವನಿಗೆ ಕಲಿಸಿದ್ದು ಕೂಡ ಹೆಣದ ಮನೆಯ ಅಂಗಳದಲ್ಲೇ, ಒಂದೊಂದು ಸಾವಿಗೆ ಒಂದೊಂದು ಸಾಲಿನಂತೆ. ಎಂಟು ಸಾಲು ಬಾಯಿಗೆ ಬರುವ ಹೊತ್ತಿಗೆ ಎಂಟು ಮನೆ ಬರಿದಾಗಿದ್ದವು. ಹೀಗಿರುವಾಗ ತಮಿಳು ಬಲ್ಲವರ ಮುಂದೆ ಹೇಳಿ ಅರ್ಥ ಕೇಳುವ ದಾರಿಯೇ ಇರಲಿಲ್ಲ. ಸಾವಿನ ಮನೆಗೆ ತಮಿಳರನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಳ್ಳುವುದಕ್ಕಾಗುತ್ತದೆಯೇ?

ಸತ್ತವರ ಮನೆಯವರು ಮಾತ್ರ ಅರ್ಥ ಕೇಳದೆ ಬಿಡುತ್ತಿರಲಿಲ್ಲ. ಅದಕ್ಕೆ ಅಪ್ಪ ಒಂದು ಉಪಾಯ ಹೇಳಿಕೊಟ್ಟಿದ್ದ. ಮನೆ ನೋಡಿ ಅರ್ಥ ಹೇಳು ಎಂದಿದ್ದ. ಅದರಂತೆ ತಿಮ್ಮದಾಸಯ್ಯ ಬೇಸಾಯಗಾರ ಸತ್ತರೆ, ಮುಂದಿನ ಜನ್ಮದಲ್ಲಿ ಏಳು ಜೊತೆ ಎತ್ತಿನ ಮನೆಯಲ್ಲಿ ಹುಟ್ಟುತ್ತಾನೆ ಎಂದು ಪದ ಹೇಳುತ್ತದೆ ಎನ್ನುತ್ತಿದ್ದ. ಮಕ್ಕಳಾಗದೆ ಹೋದವಳಿಗೆ ಆ ಲೋಕದಲ್ಲಿ ತೊಟ್ಟಿಲು ತೂಗುತ್ತಿದೆ ಎನ್ನುತ್ತಿದ್ದ. ಕೇಳಿದವರು ಕಣ್ಣೊರೆಸಿಕೊಂಡು ಸಮಾಧಾನ ಪಡುತ್ತಿದ್ದರು. ಅದು ಸುಳ್ಳೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ.

ಹೆಂಡತಿಯ ಹನ್ನೊಂದನೆಯ ದಿನ ಅವನ ಅಕ್ಕ ಕೆಂಪಾಜಮ್ಮ ಪಕ್ಕದಲ್ಲಿ ಬಂದು ಕೂತಳು.

"ತಿಮ್ಮ, ಲಕ್ಸ್ಮಿಗೆ ಏನಂತ ಏಳ್ದೆ ಆ ಪದ್ದಲ್ಲಿ?"

ನಾಲಿಗೆಯ ತುದಿಗೆ ಬಂದ ಒಳ್ಳೆಯ ಅರ್ಥವೊಂದನ್ನು ಅವನು ನುಂಗಿಕೊಂಡ. "ಗೊತ್ತಿಲ್ಲ ಕಣಕ್ಕ."

"ಗೊತ್ತಿಲ್ವಾ? ಮತ್ತೆ ನಮ್ಮವ್ವ ಸತ್ತಾಗ ಅಪ್ಪ ಅಷ್ಟುದ್ದ ಅರ್ತ ಏಳಿತ್ತಲ್ಲ."

"ಅಪ್ಪಂಗೂ ಗೊತ್ತಿರ್ನಿಲ್ಲ."

ಕೆಂಪಾಜಮ್ಮ ನೆಲಕ್ಕೆ ಕೈಯೂರಿದಳು. "ಚೆಂದಾಗದೆ ಬುಡು ನಿಮ್ ಕಸ್ಬು" ಎಂದು ಎದ್ದು ಹೋದಳು.

ವರ್ಷದ ತಿಥಿಯಲ್ಲಿ ಪದವನ್ನು ಮತ್ತೆ ಹೇಳಬೇಕು. ಅಷ್ಟರೊಳಗೆ ಅರ್ಥ ತಿಳಿದುಕೊಂಡೇ ಹೇಳುತ್ತೇನೆ, ತಿಳಿಯದಿದ್ದರೆ ಶಂಖವನ್ನು ಕಾವೇರಿಯಲ್ಲಿ ಬಿಟ್ಟು ಕೈ ಮುಗಿಯುತ್ತೇನೆ ಎಂದು ದೇವರ ಗೂಡಿನ ಮುಂದೆ ಹೇಳಿಕೊಂಡ.

ಅದು ಎರಡು ಸಾವಿರದ ಆರನೇ ಇಸವಿ. ಕೆ.ಆರ್. ನಗರದ ಬಸ್ ನಿಲ್ದಾಣದ ಎದುರು ಸುಧಾ ಎಂಬಾಕೆ ಇಂಟರ್‌ನೆಟ್ ಅಂಗಡಿ ಇಟ್ಟಿದ್ದಳು. ಮೊದಲು ಟೈಪಿಂಗ್ ಕಲಿಸುತ್ತಿದ್ದವಳು. ನಲವತ್ತರ ಹತ್ತಿರದ ಹೆಂಗಸು, ಮಾತು ಒರಟು, ಕೆಲಸ ಚೊಕ್ಕ. ಮರಣದ ದಾಖಲೆಗೆ ಅರ್ಜಿ ಬರೆಸಲು ಹೋದ ತಿಮ್ಮದಾಸಯ್ಯ, ಪಕ್ಕದ ಕುರ್ಚಿಯಲ್ಲಿ ಯಾರೋ ಕಂಪ್ಯೂಟರಿನಿಂದ ಇಂಗ್ಲಿಷ್ ಪಾಠ ಕೇಳುತ್ತಿದ್ದುದನ್ನು ಕಂಡ.

"ಸುಧಮ್ಮ, ಇದ್ರಲ್ಲಿ ತಮಿಳೂ ಸಿಕ್ತದಾ?"

"ಸಿನಿಮಾನಾ ತಾತ?"

"ಅಲ್ಲ ಕಣವ್ವ. ಕಲಿಯಕ್ಕೆ."

ಸುಧಾ ಕೈ ನಿಲ್ಲಿಸಿ ಅವನ ನಾಮವನ್ನೂ ಹೆಗಲಿನ ಜೋಳಿಗೆಯನ್ನೂ ನೋಡಿದಳು. "ಯಾರಿಗೆ?"

"ನಂಗೇಯ."

"ವಯಸ್ಸೆಷ್ಟು ನಿಮ್ಗೆ?"

"ಅರವತ್ಮೂರೋ ನಾಕೋ. ಪಾಠದೋರು ವಯಸ್ಸು ಕೇಳ್ತರಾ?"

"ಅವ್ರು ಕೇಳಲ್ಲ, ನಾನ್ ಕೇಳ್ದೆ" ಎಂದು ಸುಧಾ ಹುಡುಕತೊಡಗಿದಳು.

ಹೊರದೇಶದಲ್ಲಿ ಹುಟ್ಟಿದ ತಮಿಳು ಮಕ್ಕಳು ತಾಯಿನುಡಿ ಮರೆಯದಿರಲೆಂದು ಯಾರೋ ಪುಣ್ಯಾತ್ಮರು ಒಂದು ಪಾಠಮಾಲೆ ಮಾಡಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದರು. ಮೇಲೊಂದು ಚಿತ್ರ, ಕೆಳಗೆ ಅಕ್ಷರ, ಒತ್ತಿದರೆ ಹೆಂಗಸಿನ ದನಿ. ಯಾರೋ ಯಾರಿಗೋ ಇಟ್ಟ ಅರವಟ್ಟಿಗೆಯಲ್ಲಿ ದಾರಿಹೋಕನಾದ ತಾನೂ ನೀರು ಕುಡಿಯಬಹುದು ಎಂಬುದನ್ನು ನಂಬಲು ಅವನಿಗೆ ಒಂದು ಗಳಿಗೆ ಬೇಕಾಯಿತು.

ಅಂದಿನಿಂದ ಮಂಗಳವಾರ, ಶುಕ್ರವಾರ ಬೆಳಗಿನ ಬಸ್ಸಿಗೆ ಅವನು ತಪ್ಪದೆ ಬಂದ. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ. ಕಿವಿಯಲ್ಲಿ ಆ ಹೆಂಗಸು ಮೆಲ್ಲಗೆ "ಮರಂ" ಎಂದರೆ, ಇವನು ಹೊಳೆಯ ಆಚೆ ದಡಕ್ಕೆ ಕೂಗಿದಂತೆ "ಮರಂ" ಎನ್ನುತ್ತಿದ್ದ.

"ತಾತ, ಕಿವಿಗೆ ಹಾಕ್ಕೊಂಡಿರೋದು ನೀವು, ಕಿವುಡಾಗ್ತಿರೋದು ನಾವು" ಎನ್ನುತ್ತಿದ್ದಳು ಸುಧಾ.

ಮನೆಯಲ್ಲಿ ಮೊರದ ತುಂಬ ಅಕ್ಕಿ ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ. ತಪ್ಪಾದರೆ ಮೊರವನ್ನು ಒಮ್ಮೆ ಕೊಡವಿದರೆ ಸಾಕು, ಅಳಿಸಿಹೋಗುತ್ತಿತ್ತು. ಭಿಕ್ಷೆಗೆ ಹೊರಟ ಶನಿವಾರಗಳಲ್ಲಿ ದಾರಿಯ ಮರ, ಕಲ್ಲು, ಎಮ್ಮೆಗಳಿಗೆಲ್ಲ ತಮಿಳಿನ ಹೆಸರಿಟ್ಟುಕೊಂಡು ನಡೆದ. ಅರ್ಧಕ್ಕರ್ಧ ಮಾತು ನಮ್ಮವೇ, ಬಟ್ಟೆ ಬದಲಿಸಿಕೊಂಡಿವೆ ಅಷ್ಟೆ ಎಂದು ತಿಳಿದಾಗ ಅವನಿಗೆ ಧೈರ್ಯ ಬಂತು.

ಊರಿಗೆ ಸುದ್ದಿ ಮುಟ್ಟಿತು. ಊರ ಯಜಮಾನ ಕನಕರಾಜು ಬಸ್ಸಿನಲ್ಲಿ ಸಿಕ್ಕಿದಾಗ ನಾಲ್ಕು ಜನಕ್ಕೆ ಕೇಳುವಂತೆ, "ಏನ್ ದಾಸಯ್ಯ, ಮದ್ರಾಸಿಗೆ ಎಣ್ಣು ನೋಡಕ್ಕೆ ಓಯ್ತಿಯಂತೆ?" ಎಂದ.

"ಓಯ್ತೀನಿ ಕಣಪ್ಪ. ಯಜಮಾನ್ರು ಒಬ್ರು ಮುಂದೆ ನಿಂತ್ಕಬೇಕು. ನೀನೂ ಬಾ."

"ಮಾತಾಡಕ್ಕೆ ನಂಗೆ ತಮಿಳು ಬರಾಕಿಲ್ವಲ್ಲ."

"ಅದುಕ್ಕೇ ಕರೀತಿರಾದು. ನೀನ್ ಸುಮ್ನೆ ಕುಂತಿದ್ರೆ ಊರಿನ ಮರ್ವಾದೆ ಉಳೀತದೆ."

ಬಸ್ಸೆಲ್ಲ ನಕ್ಕಿತು. ಕನಕರಾಜುವೂ ನಕ್ಕ.

ಪಾಠದ ಮಾತು ಬಾಯಲ್ಲಿ, ಪದದ ಮಾತು ಮನಸ್ಸಿನಲ್ಲಿ. ತುಟಿ ಅಲುಗದಂತೆ ಎರಡನ್ನೂ ಹೊಂದಿಸಿ ನೋಡುವುದೇ ಅವನ ಸಾಹಸವಾಗಿತ್ತು. ಜಾಗಟೆಯ ಓಟಕ್ಕೆ ಸಿಕ್ಕಿ, ಆರು ತಲೆಮಾರಿನ ಬಾಯಲ್ಲಿ ತೇಯ್ದು, ಎಂಟು ಸಾಲು ಒಂದೇ ಉಂಡೆಯಾಗಿ ಅಂಟಿಕೊಂಡಿದ್ದವು. ಒಂಬತ್ತನೆಯ ಪಾಠದಲ್ಲಿ ಬಾಳೆಯೆಲೆಯ ಚಿತ್ರ ಬಂದು ಆ ಹೆಂಗಸು "ಇಲೈ" ಎಂದಾಗ ಅವನ ಮೈ ಜುಮ್ಮೆಂದಿತು. ಪದದ ಮೊದಲ ಮಾತೇ ಅದು. ಬಡಿಸುವುದು, ಹಸಿವು, ಅನ್ನ, ತುಪ್ಪ ಒಂದೊಂದಾಗಿ ಮೇಲೆದ್ದು ಬಂದವು.

ಬಂದಷ್ಟೂ ಅವನ ಎದೆ ಕುಸಿಯಿತು. ಎಲೆ ಹಾಸು, ಹಸಿವು, ಬಿಸಿ ಅನ್ನ, ತುಪ್ಪ. ಇದು ಊಟದ ಪದ. ದಿಕ್ಕಿಲ್ಲದೆ ಘಟ್ಟ ಹತ್ತಿ ಬಂದ ಮೂಲಪುರುಷ ಹಸಿದುಕೊಂಡು ಯಾರದೋ ಬಾಗಿಲಲ್ಲಿ ನಿಂತು ಅನ್ನ ಬೇಡಿರಬೇಕು. ಆ ಮನೆಯಲ್ಲಿ ಅಂದು ಯಾರೋ ಸತ್ತಿದ್ದಿರಬೇಕು. ಭಾಷೆ ತಿಳಿಯದ ಜನ ಮಂತ್ರವೆಂದು ಕೈ ಮುಗಿದಿರಬೇಕು. ಅಂದಿನಿಂದ ಇಂದಿನವರೆಗೆ ಹನ್ನೆರಡು ಹಳ್ಳಿಯ ಹೆಣಗಳ ತಲೆಯ ಬಳಿ ನಿಂತು ನಾವು ಕೇಳಿದ್ದು ಹೊಟ್ಟೆಗೆ ಹಿಟ್ಟು. ಲಕ್ಷ್ಮಿಯ ತಲೆಯ ಬಳಿಯೂ ಅದನ್ನೇ.

ಅವನು ಕೆ.ಆರ್. ನಗರಕ್ಕೆ ಹೋಗುವುದನ್ನು ಬಿಟ್ಟ. ಮೊರ ಗೋಡೆಗೆ ಒರಗಿತು. ಯಾರೊಂದಿಗೂ ಹೇಳಿಕೊಳ್ಳುವ ವಿಷಯವಲ್ಲ. ಒಂದು ತಿಂಗಳು ದೇವರ ದೀಪ ಹಚ್ಚುವಾಗಲೂ ತಲೆ ತಗ್ಗಿಸಿಕೊಂಡೇ ಇದ್ದ.

ಅಷ್ಟರಲ್ಲಿ ಹೊಳೆಯಾಚೆಯ ಊರಿನಲ್ಲಿ ಚಿಕ್ಕಬಸಮ್ಮ ಎಂಬ ಮುದುಕಿ ಹೋದಳೆಂದು ಕರೆ ಬಂತು. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹೋಗಿ ನಿಂತ. ಶಂಖ ಊದಿ ಪದ ಹಿಡಿದ. ಆವತ್ತು ಮೊದಲ ಬಾರಿಗೆ ತಾನು ಹೇಳುವುದು ತನ್ನ ಕಿವಿಗೇ ಬಿಡಿಬಿಡಿಯಾಗಿ ಕೇಳಿಸಿತು. ಎಲ್ಲೋ ಒಂದು ಕಡೆ "ಎನಕ್ಕು" ಎಂಬ ಮಾತು ಬರುತ್ತದೆ, ನನಗೆ ಎಂದು ಮೂಲಪುರುಷ ಕೈ ಚಾಚುತ್ತಾನೆ ಎಂದು ಹೆದರಿ ಕಾದ. ಎಂಟನೆಯ ಸಾಲೂ ಮುಗಿಯಿತು. ಆ ಮಾತು ಬರಲೇ ಇಲ್ಲ.

ದೋಣಿಯಲ್ಲಿ ಹಿಂದಿರುಗುವಾಗ ಅವನು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ. ನಲವತ್ತು ವರ್ಷ ಮನೆ ಮನೆಯ ಮುಂದೆ ಭಿಕ್ಷೆಯ ಪಾತ್ರೆಯಾದ ಭವನಾಸಿ ಹಿಡಿದು ನಿಂತವನು ಅವನು. ಬೇಡುವವನ ಬಾಯಿ ಹೇಗಿರುತ್ತದೆಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬೇಡುವವನು ಏನನ್ನು ಬಿಟ್ಟರೂ "ನನಗೆ" ಎಂಬುದನ್ನು ಬಿಡುವುದಿಲ್ಲ. ಹಾಗಾದರೆ ಈ ಎಲೆ ಯಾರಿಗೆ?

ಮುಂದಿನ ಮಂಗಳವಾರ ಅವನನ್ನು ಕಂಡು ಸುಧಾ, "ಫೇಲಾಗಿ ಶಾಲೆ ಬಿಟ್ರಿ ಅಂದ್ಕೊಂಡೆ ತಾತ" ಎಂದಳು.

"ಮೂರ್ನೇ ಕ್ಲಾಸಲ್ಲಿ ಮೂರೊರ್ಸ ಕುಂತೋನು ನಾನು. ಒಂದ್ ತಿಂಗ್ಳು ಯಾವ್ ಲೆಕ್ಕ?"

ಈ ಸಲ ಅವನು ಹಟ ಹಿಡಿದ. ಹಳೆಯ ಮಾತುಗಳಿಗೆ ಅರ್ಥ ಹೇಳುವ ನಿಘಂಟೊಂದನ್ನು ಸುಧಾ ಹುಡುಕಿ ಕೊಟ್ಟಳು. ಅದೂ ಪುಕ್ಕಟೆಯೇ. ಇಂಗ್ಲಿಷಿನಲ್ಲಿದ್ದ ಕಡೆ ಅವಳೇ ಓದಿ ಹೇಳುತ್ತಿದ್ದಳು. ಕರೆಂಟು ಹೋದರೆ ಕತ್ತಲಾದ ಪರದೆಯ ಮುಂದೆ ಕೂತು ಹಿಂದಿನ ಪಾಠ ಒಪ್ಪಿಸುತ್ತಿದ್ದ. ಭತ್ತದ ನಾಟಿ ಮುಗಿಯುವ ಹೊತ್ತಿಗೆ ಚಿತ್ರವಿಲ್ಲದ ಕತೆಗಳನ್ನು ಬೆರಳಿಟ್ಟು ಓದಿದ. ಆ ಸುಮಾರಿಗೇ ಸಾಲಿಗ್ರಾಮಕ್ಕೆ ತಮಿಳುನಾಡಿನಿಂದ ಯಾತ್ರೆಯ ಬಸ್ಸೊಂದು ಬಂತು. ದಾರಿ ಕೇಳಿದ ಮುದುಕಿಗೆ ಗುಡಿ ಎಲ್ಲಿ, ಕೊಳ ಎಲ್ಲಿ, ಕಾಲು ಜಾರುವ ಮೆಟ್ಟಿಲು ಯಾವುದು ಎಂದು ಅವನು ನಿಂತು ತಮಿಳಿನಲ್ಲೇ ಹೇಳಿದ. ಮುದುಕಿ ಕೊನೆಗೆ, ನಮ್ಮ ಕಡೆ ನಿಮ್ಮದು ಯಾವ ಊರು ಎಂದು ಕೇಳಿದಳು. ಅಂದು ಅವನು ಊರಿಗೆ ನಡೆದೇ ಬಂದ. ಎರಡು ಮೈಲಿ ಹೇಗೆ ಕಳೆಯಿತೆಂದು ತಿಳಿಯಲಿಲ್ಲ.

ಮೂವತ್ತೆಂಟನೆಯ ಪಾಠ ಮನೆಯ ಹಬ್ಬದ್ದು. ಸಾಲಾಗಿ ಕೂತು ಉಣ್ಣುವವರ ಚಿತ್ರ. ಎಲ್ಲರೂ ಕೂತರು. ಅಮ್ಮ ಬಡಿಸಿದಳು. ಅನ್ನ ಆರಿತು. ಅಮ್ಮ ಕಡೆಗೆ ಉಂಡಳು. ಮಕ್ಕಳ ಪಾಠ, ನಾಲ್ಕೇ ಸಾಲು. ತಿಮ್ಮದಾಸಯ್ಯ ಕೊನೆಯ ಸಾಲಿನಲ್ಲಿ ಕಡೆಗೆ ಎಂಬರ್ಥದ ಮಾತಿನ ಮೇಲೆ ಬೆರಳಿಟ್ಟವನು ತೆಗೆಯಲಿಲ್ಲ. ಬಿಡಿಸಲಾಗದೆ ಉಳಿದಿದ್ದ ಎರಡನೆಯ, ಐದನೆಯ ಸಾಲುಗಳು ತಾವಾಗಿ ಬಿಚ್ಚಿಕೊಂಡವು. ಅವುಗಳ ಹಿಂದೆ ಉಳಿದವೂ ಬಂದವು. ಪದ ಮೊದಲಿನಿಂದ ಕಡೆಯವರೆಗೆ ಒಂದೇ ಮಾತಾಗಿ ನಿಂತಿತು.

ಎಲೆ ಹಾಸು, ಒಂದು ಜೀವ ಬರುತ್ತಿದೆ. ಊರಿಗೆಲ್ಲ ಬಡಿಸಿ ಕಡೆಗೆ ಉಂಡ ಜೀವ. ಆರಿದ ಅನ್ನ ಉಂಡು ಹಸಿವಿಲ್ಲ ಎಂದ ಜೀವ. ಕುಲ ಕೇಳಬೇಡ, ಕಾಲಿಗೆ ನೀರಿಡು. ಕಡೆಗೆ ಕೂತವರನ್ನು ಮೊದಲ ಸಾಲಿಗೆ ಕರೆ. ಬಿಸಿ ಅನ್ನ ಬಡಿಸು, ತುಪ್ಪ ಬಡಿಸು. ಏಳು ಎನ್ನಬೇಡ, ಅವಸರವಿಲ್ಲ. ಸ್ವಾಮಿ, ಇವತ್ತು ಬಡಿಸುವವನು ನೀನು.

ನಲವತ್ತೆರಡು ವರ್ಷ ಜೊತೆಗಿದ್ದ ಪುಟ್ಟಲಕ್ಷ್ಮಿ ಉಣ್ಣುವುದನ್ನು ತಾನು ನೋಡಿದ್ದೇನೆಯೇ ಎಂದು ಅವನು ನೆನೆಸಿಕೊಂಡ. ಅವಳು ಬಡಿಸುವುದು ನೆನಪಾಯಿತು, ತಟ್ಟೆ ತೊಳೆಯುವುದು ನೆನಪಾಯಿತು. ನಡುವಿನದು ನೆನಪಾಗಲಿಲ್ಲ.

"ಏನ್ ತಾತ, ಕಣ್ಣುರಿನಾ?" ಎಂದು ಸುಧಾ ಹತ್ತಿರ ಬಂದಳು.

ಪದವನ್ನು ಹೇಳಬಾರದೆಂಬ ಕಟ್ಟಳೆ ಇತ್ತು. ಅರ್ಥವನ್ನು ಹೇಳಬಾರದೆಂದು ಯಾರೂ ಹೇಳಿರಲಿಲ್ಲ. ಅರ್ಥ ಯಾರ ಕೈಯಲ್ಲೂ ಇರಲಿಲ್ಲವಲ್ಲ, ಕಟ್ಟಳೆ ಮಾಡುವುದಕ್ಕೆ. ಅವನು ಕನ್ನಡದಲ್ಲಿ ಎಂಟು ಸಾಲನ್ನೂ ಅವಳಿಗೆ ಮೆಲ್ಲಗೆ ಹೇಳಿದ.

ಸುಧಾ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. "ನಮ್ಮಮ್ಮ ಹೋದಾಗ ಇದನ್ನ ಯಾರೂ ಹೇಳ್ಲಿಲ್ಲ ತಾತ" ಎಂದಳು.

ವರ್ಷದ ತಿಥಿಯ ದಿನ ಚಪ್ಪರದ ಕೆಳಗೆ ಊರು ಸೇರಿತ್ತು. ತಿಮ್ಮದಾಸಯ್ಯ ಶಂಖ ಊದಿದ. ಆದರೆ ಜಾಗಟೆಯನ್ನು ಪಕ್ಕಕ್ಕಿಟ್ಟು, ಎಂಟು ಸಾಲನ್ನೂ ನಿಧಾನವಾಗಿ, ಒಂದೊಂದು ಮಾತೂ ತನ್ನ ಕಾಲ ಮೇಲೆ ನಿಲ್ಲುವಂತೆ ಹೇಳಿದ. ಹೇಳಿ ಮುಗಿಸಿ ಜನರ ಕಡೆ ತಿರುಗಿದ.

"ನಲವತ್ತು ವರ್ಸ ನಿಮ್ ಮನೆ ಮನೇಲಿ ನಾನ್ ಏಳಿದ್ ಅರ್ತ ಎಲ್ಲ ನಾನೇ ಕಟ್ಟಿದ್ದು. ತೆಪ್ಪಾಯ್ತು. ದಿಟವಾದುದ್ದು ಈಗ ಗೊತ್ತಾಗದೆ, ಕೇಳಿ" ಎಂದು ಕನ್ನಡದಲ್ಲಿ ಸಾಲು ಸಾಲಾಗಿ ಬಿಡಿಸಿದ.

ಮೊದಲು ಬಾಯಿ ಬಿಟ್ಟವನು ಕನಕರಾಜು.

"ಅಂಗಾರೆ ನಮ್ಮಪ್ಪ ಸತ್ತಾಗ, ಆನೆ ಮ್ಯಾಲೆ ಕುಂತು ಓಯ್ತಾವ್ರೆ ಅಂತ ನೀನಂದಿದ್ದು?"

"ಆನೆ ಇಲ್ಲ ಕಣಪ್ಪ."

"ಎಂಟೊರ್ಸದಿಂದ ನೆಂಟ್ರಿಗೆಲ್ಲ ಆನೆ ಆನೆ ಅಂತ ಏಳ್ಕಂಡ್ ಬಂದಿವ್ನಲ್ಲೋ ದಾಸಯ್ಯ."

"ಊಟ ಅದೆಯಲ್ಲ. ಸತ್ತೋರ್ಗೆ ಆನೆ ಕಟ್ಕಂಡು ಏನಾಗ್ಬೇಕು?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಬಾಳೆಯೆಲೆಯ ಕಟ್ಟು ಬಿಚ್ಚಿದರು. ರೂಢಿಯಂತೆ ಮೊದಲ ಎಲೆ ದಾಸಯ್ಯನದು, ಆಮೇಲೆ ಯಜಮಾನ, ಆಮೇಲೆ ಊರ ಗಂಡಸರು. ತಿಮ್ಮದಾಸಯ್ಯ ಎಲೆಗಳನ್ನು ಕಸಿದುಕೊಂಡು ತಾನೇ ಹಾಸಿದ. ಮೊದಲ ಎಲೆಗೆ ಪುಟ್ಟಲಕ್ಷ್ಮಿಯ ಎಡೆ ಬಡಿಸಿದ. ಆಮೇಲೆ ಒಲೆಯ ಕಡೆ ತಿರುಗಿ, "ಅಕ್ಕ, ಬಾ ಕೂತ್ಕೊ. ಎಣ್ಮಕ್ಳೆಲ್ಲ ಬಂದು ಕೂತ್ಕಳಿ" ಎಂದ.

ಕೆಂಪಾಜಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. "ನಿಂಗೇನ್ ತಲೆ ಕೆಟ್ಟದಾ? ಗಂಡುಸ್ರು ನಿಂತಿರೋವಾಗ ನಾವ್ ಕುಂತ್ಕಂಡು ಉಣ್ಣಾದಾ?"

"ದಾಸಯ್ಯ ಕೂರ್ದೆ ಯಾರೂ ಕೂರಂಗಿಲ್ಲ. ಅದು ಕಟ್ಟಳೆ" ಎಂದ ಕನಕರಾಜು. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಕಟ್ಟಳೆ ಬಂದುದ್ದು ಪದದಿಂದ. ಪದ ಏನ್ ಏಳ್ತು ಅಂತ ಈಗ ಕೇಳುಸ್ಕಂಡಲ್ಲ. ದೇವ್ರೇ ಎದ್ದು ಬಡುಸ್ತಾವ್ನಂತೆ, ನಾನ್ ಮೊದಲ್ನೇ ಎಲೇಲಿ ಕುಂತ್ಕಂಡ್ರೆ ಅವನ್ ಮಕ ಎಂಗೆ ನೋಡ್ಲಿ? ಬ್ಯಾಡ ಅನ್ನು, ಶಂಕ ಇಲ್ಲೇ ಮಡುಗ್ಬುಟ್ಟು ಓಯ್ತೀನಿ. ನಾಳೆಯಿಂದ ನಿಮ್ಮನೆ ಪದ ನೀನೇ ಏಳ್ಕೊ."

ಕನಕರಾಜು ಸುತ್ತ ನೋಡಿದ. ಗಂಡಸರು ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಅವನ ತಾಯಿ, ತೊಂಬತ್ತರ ಮುದುಕಿ, ಕಂಬಕ್ಕೆ ಒರಗಿ ಕೂತಿದ್ದವಳು ಕೋಲೂರಿ ಎದ್ದಳು. ಯಾರನ್ನೂ ಏನನ್ನೂ ಕೇಳದೆ ಹೋಗಿ ಪುಟ್ಟಲಕ್ಷ್ಮಿಯ ಎಡೆಯ ಪಕ್ಕದ ಎಲೆಗೆ ಕೂತಳು.

ಅವಳು ಕೂತ ಮೇಲೆ ಬೇರೆಯವರು ನಿಲ್ಲಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಬಂದರು. ಕೆಂಪಾಜಮ್ಮ ಕಡೆಗೆ ಬಂದವಳು ಸಾಲಿನ ತುದಿಯಲ್ಲಿ ಕೂರಲು ಹೋದಳು. ತಮ್ಮ ಅವಳ ತೋಳು ಹಿಡಿದು ತಂದು ನಡುವೆ ಕೂರಿಸಿದ. ಕನಕರಾಜು ಒಂದು ಗಳಿಗೆ ನಿಂತಿದ್ದ. ಆಮೇಲೆ ಪಂಚೆ ಎತ್ತಿ ಕಟ್ಟಿ ಅನ್ನದ ಪುಟ್ಟಿಗೆ ಕೈ ಹಾಕಿದ. ಮಿಕ್ಕ ಗಂಡಸರು ಹುಳಿ, ಪಲ್ಯ, ತುಪ್ಪ ಎತ್ತಿಕೊಂಡರು. ಒಬ್ಬನಿಗೂ ಬಡಿಸಿ ಗೊತ್ತಿರಲಿಲ್ಲ. ಪಲ್ಯ ಬೀಳಬೇಕಾದ ಕಡೆ ಪಾಯಸ ಬಿತ್ತು, ಒಬ್ಬಳಿಗೆ ಎರಡು ಸಲ ಉಪ್ಪು, ಇನ್ನೊಬ್ಬಳಿಗೆ ಇಲ್ಲವೇ ಇಲ್ಲ. ಹೆಂಗಸರು ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ಆಮೇಲೆ ಸೆರಗು ಬಿಟ್ಟು ನಕ್ಕರು.

"ಅನ್ನ ಸುಡ್ತದೆ ಕಣ್ಲಾ ಕನಕ" ಎಂದಳು ತೊಂಬತ್ತರ ಮುದುಕಿ.

"ಬಿಸೀದೇ ಬಡುಸ್ಬೇಕಂತೆ ಕಣವ್ವ" ಎಂದ ಯಜಮಾನ, ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ.

ಕೆಂಪಾಜಮ್ಮ ತುತ್ತು ಕಲಸಿದವಳು ಹುಳಿಗೆ ಖಾರ ಕಡಿಮೆಯಾಗಿದೆಯೆಂದೂ, ಅದನ್ನು ಮಾಡಿದವಳು ತಾನೇ ಎಂದೂ ಪಕ್ಕದವಳಿಗೆ ಹೇಳಿ, ಪಾಯಸಕ್ಕೆ ಎಲೆಯಲ್ಲಿ ಜಾಗ ಮಾಡಿಕೊಂಡಳು. ತಿಮ್ಮದಾಸಯ್ಯ ಪಾಯಸದ ಬಕೆಟ್ಟು ಹಿಡಿದು ಸಾಲಿನ ತುದಿಯವರೆಗೆ ಬಗ್ಗಿ ಬಗ್ಗಿ ಬಡಿಸಿಕೊಂಡು ಹೋದ. ಬೆನ್ನು ನೋಯುತ್ತಿತ್ತು. ತುದಿ ಮುಟ್ಟಿ ತಿರುಗಿ ನೋಡಿದರೆ ಮೊದಲಿನ ಎಲೆಗಳು ಆಗಲೇ ಬರಿದಾಗಿದ್ದವು. ಅವನು ಬಕೆಟ್ಟನ್ನು ಎಡಗೈಗೆ ಬದಲಿಸಿಕೊಂಡು, ಹಿಂದಕ್ಕೆ ನಡೆದು, ಮತ್ತೆ ಮೊದಲಿನಿಂದ ಶುರು ಮಾಡಿದ.